ಗೆರ್ಲಿಂಡೆ ಮತ್ತು ನಾಲ್ಕು ಚೋಕುಗಳು

ಬೋಖುಮ್ ಪಟ್ಟಣದಲ್ಲಿ ಇಪ್ಪತ್ತೆಂಟು ವರ್ಷ ಟ್ರಾಮ್ ಓಡಿಸಿದ ಗೆರ್ಲಿಂಡೆ ಪಿಯೊಂಟೆಕ್‌ಗೆ ಒಂದು ಹೆಮ್ಮೆಯಿತ್ತು: ಅವಳ ಗಾಡಿಯಲ್ಲಿ ನಿಂತ ಮುದುಕಿಯರೂ ಕಂಬಿ ಹಿಡಿಯಬೇಕಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅವಳು ಮೀನು ಸಾಕುವವರ ಸಂಘ ಸೇರಿದಳು. ಬಿಯರಿನಂಗಡಿಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದ ಹದಿನಾರು ಮಂದಿಯಲ್ಲಿ ಹೆಂಗಸೆಂದರೆ ಅವಳೊಬ್ಬಳೇ.

ಸಂಘದ ದೊಡ್ಡ ತೊಟ್ಟಿಯೂ ಅಲ್ಲೇ ಇತ್ತು. ಬೆಳಿಗ್ಗೆ ಹತ್ತಕ್ಕೆ ಅದರ ಟ್ಯೂಬ್‌ಲೈಟುಗಳು ಫಕ್ಕನೆ ಹೊತ್ತಿಕೊಂಡರೆ ಮೀನುಗಳು ದಿಕ್ಕೆಟ್ಟು ಗಾಜಿಗೆ ಮೂತಿ ಬಡಿದುಕೊಳ್ಳುತ್ತಿದ್ದವು.

"ಇದೇನು ಬೆಳಗೋ, ಕಪಾಳಮೋಕ್ಷನೋ?" ಎಂದಳು ಗೆರ್ಲಿಂಡೆ. "ಮಂದ ಮಾಡೋಕೆ ಬರೋ ಚೋಕುಗಳನ್ನ ತೊಟ್ಟಿಯ ದೀಪ ನೋಡ್ಕೊಳ್ಳೋ ಕಂಟ್ರೋಲರ್ ಪೆಟ್ಟಿಗೆಗೆ ಜೋಡಿಸೋಣ. ಬೆಳಕು ಮೆಲ್ಲಗೆ ಏರ್ಲಿ."

"ಟ್ರಾಮಮ್ಮ ಈಗ ಸೂರ್ಯನ್ನೂ ಓಡಿಸ್ತಾಳಂತೆ ಕಣ್ರೋ!" ಎಂದ ಎವಾಲ್ಡ್ ಚಿರ್ನರ್. ಸಂಘದ ಎಲೆಕ್ಟ್ರಿಷಿಯನ್ ಅವನೇ. ಆದರೂ ಒಪ್ಪಿದ. "ಮೇನ್ ಕರೆಂಟ್ ನಾನ್ ನೋಡ್ಕೋತೀನಿ. ಸಣ್ಣ ವೈರುಗಳು ನಿನ್ ತಲೆನೋವು."

ಮೂರು ವಾರ ಅವಳು ಕೈಪಿಡಿಯನ್ನು ಅರೆದು ಕುಡಿದಳು. ಕಂಟ್ರೋಲರ್ ಸಣ್ಣ ವೈರುಗಳ ಮೂಲಕ ಒಂದರಿಂದ ಹತ್ತು ವೋಲ್ಟಿನವರೆಗೆ ಅಪ್ಪಣೆ ಕೊಡುತ್ತದೆ. ಅದರಂತೆ ಪ್ರತಿ ಚೋಕೂ ತನ್ನ ದೀಪವನ್ನು ಏರಿಸುತ್ತದೆ, ಇಳಿಸುತ್ತದೆ; ಆ ವೈರೇ ಇಲ್ಲದಿದ್ದರೆ ಪೂರ್ತಿ ಬೆಳಗಿಸುತ್ತದೆ. ಶನಿವಾರ ಅವಳು ಮೂರು ಚೋಕುಗಳ ವೈರುಗಳನ್ನು ಜೋಡಿಸಿದಳು. ಹಿಂದಿನ ಮೂಲೆಯದು ಅವಳ ಕೈಗೆಟುಕಲಿಲ್ಲ. ಅದನ್ನು ಎವಾಲ್ಡನೇ ಜೋಡಿಸಿದ.

ಸ್ವಿಚ್ ಹಾಕಿದರೆ ನಾಲ್ಕು ದೀಪಗಳೂ ಮಿಣಿಮಿಣಿ. ಕಂಟ್ರೋಲರಿನ ಪರದೆಯಲ್ಲಿ ಮಾತ್ರ ಪೂರ್ತಿ ನೂರು! ಕೋಣೆ ತುಂಬ ನಗೆಯೆದ್ದಿತು.

"ಸೂರ್ಯ ರಜೆ ಹಾಕಿದಾನೆ!"

ಗೆರ್ಲಿಂಡೆಯ ಕೆನ್ನೆ ಬಿಸಿಯಾಯಿತು. ಮೇನ್ ಆರಿಸಿ ಒಂದು ಚೋಕಿನ ಸಣ್ಣ ವೈರು ಬಿಡಿಸಿದಳು. ಮತ್ತೆ ಹಚ್ಚಿದಾಗ ಅದೊಂದೇ ಝಗ್ಗೆಂದಿತು, ಉಳಿದವು ಹಾಗೇ. ಅದನ್ನು ಮೊದಲಿನಂತೆ ಸೇರಿಸಿ ಎರಡನೆಯದನ್ನು ಬಿಡಿಸಿದಳು. ಅದೇ ಕತೆ. ಮೂರನೆಯದೂ ಅಷ್ಟೇ. ಕೊನೆಗೆ ಕುರ್ಚಿ ಎಳೆದು ಹತ್ತಿ ಮೂಲೆಯದರ ವೈರು ಬಿಡಿಸಿ ಹಚ್ಚಿದಳು ನೋಡಿ, ನಾಲ್ಕೂ ಒಟ್ಟಿಗೆ ಬೆಳಗಿದವು! ಆ ಒಂದರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾಗಿ, ಎಲ್ಲಕ್ಕೂ ಹೋಗುವ ಅಪ್ಪಣೆಯ ವೋಲ್ಟನ್ನೇ ಕೆಳಕ್ಕೆಳೆದಿತ್ತು.

ಎವಾಲ್ಡ್ ಕನ್ನಡಕ ಏರಿಸಿ ಬಗ್ಗಿ ನೋಡಿದ. ಕಿವಿ ಕೆಂಪಾಯಿತು. "ನಾನ್ ಮಾಡಿದ್ದಲ್ವಾ ಇದು?"

"ಹೂಂ, ನೀನೇ ಮಹರಾಯ. ಆ ಸ್ಕ್ರೂಡ್ರೈವರ್ ಕೊಡಿಲ್ಲಿ."

ಮರುದಿನ ಹತ್ತಕ್ಕೆ ಎಲ್ಲರೂ ಹಾಜರಾದರು. ತೊಟ್ಟಿಯಲ್ಲಿ ನಲವತ್ತು ನಿಮಿಷ ಬೆಳಕು ತೆವಳುತ್ತ ಏರಿತು. ಬೇರುಗಳ ಸಂದಿಯಿಂದ ಮೀನುಗಳು ಒಂದೊಂದಾಗಿ, ಯಾವ ಗಾಬರಿಯೂ ಇಲ್ಲದೆ ಹೊರಬಂದವು. ನಗುವವರು ಯಾರೂ ಇರಲಿಲ್ಲ. ಎವಾಲ್ಡ್ ಆಲೂಗಡ್ಡೆ ಸಲಾಡಿನ ತಟ್ಟೆಯನ್ನು ಅವಳತ್ತ ಸರಿಸಿದ.

"ನಮ್ಮನೆ ತೊಟ್ಟೀಲೂ ಹಿಂಗೇ ಮೂತಿ ಚಚ್ಕೋತವೆ. ಬುಧವಾರ ಬಿಡುವಿದ್ಯಾ?"

"ಇದೆ. ಮೂಲೆಗೆ ಕೈ ಎಟುಕೋ ಹಂಗೆ ಒಂದು ಸ್ಟೂಲ್ ಇಟ್ಟಿರು."

ಚಳಿಗಾಲ ಬರುವಷ್ಟರಲ್ಲಿ ಅವಳು ಒಂಬತ್ತು ಮನೆಗಳ ತೊಟ್ಟಿಗಳಿಗೆ ವೈರು ಜೋಡಿಸಿ ಮುಗಿಸಿದ್ದಳು. ಮೇನ್ ಕರೆಂಟಿಗೆ ಎವಾಲ್ಡ್ ಜೊತೆಗಿರುತ್ತಿದ್ದ.