ಒಂದರಿಂದ ನಾಲ್ಕರೊಳಗೆ ಬಂದ ಗಾಳಿ

ಮೋಡದ ಹೊಟ್ಟೆಯಿಂದ ಕಪ್ಪು ಸೊಂಡಿಲೊಂದು ಇಳಿಬಿದ್ದಿತ್ತು. ಕಳೆದ ಬೇಸಿಗೆಯ ಮಾತು. ಪುಣೆಯ ಯೆರವಡಾದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದವಳು ಕೈಯಲ್ಲಿದ್ದ ಟವೆಲ್ ಸಮೇತ ಓಡಿ, ಕಟ್ಟಡದ ಎಲ್ಲ ಮನೆಗಳ ಬೆಲ್ ಒತ್ತಿಬಿಟ್ಟೆ. ಸುಂಟರಗಾಳಿ ಬಂತು, ಕೆಳಗೆ ಬನ್ನಿ ಎಂದು ಹರಕುಮುರುಕು ಮರಾಠಿಯಲ್ಲಿ ಕೂಗಿದೆ. ಧಾರವಾಡದಲ್ಲಿ ಆಲಿಕಲ್ಲು ಕಂಡವಳು, ಆಕಾಶಕ್ಕೆ ಸೊಂಡಿಲು ಮೂಡಿದ್ದನ್ನು ಕಂಡಿರಲಿಲ್ಲ.

ಜನ ನಿದ್ದೆಗಣ್ಣಿನಲ್ಲಿ ಇಳಿದು ಬಂದರು. ನೋಡನೋಡುತ್ತ ಸೊಂಡಿಲು ತೆಳ್ಳಗಾಗಿ ಮೋಡದೊಳಗೇ ಸೇರಿಹೋಯಿತು. ಕೆಳಗೆ ಒಂದು ಎಲೆಯೂ ಅಲುಗಲಿಲ್ಲ. ಯಾರೂ ಬೈಯಲಿಲ್ಲ. ಎಲ್ಲರೂ ಮರಾಠಿಯಲ್ಲಿ ಆಜಿ ಎಂದು ಕರೆಯುವ ಎದುರುಮನೆಯ ಅಜ್ಜಿ ಮಾತ್ರ ತಮ್ಮ ಬಾಗಿಲಿನ ಬೋರ್ಡಿನತ್ತ ಬೆರಳು ತೋರಿದರು: ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಅದು ಇಲ್ಲಿಯವರ ವಾಮಕುಕ್ಷಿಯ ಹೊತ್ತು, ಎಂದರೆ ಊಟದ ಮೇಲಿನ ನಿದ್ದೆ. ಹಳೆ ಪುಣೆಯ ಪೇಟೆಯಲ್ಲಿದ್ದ ಮನೆ ಬಿಟ್ಟು ಇಲ್ಲಿಗೆ ಬರುವಾಗ ಆಜಿ ಆ ಬೋರ್ಡನ್ನೂ ಬಿಚ್ಚಿಕೊಂಡು ತಂದಿದ್ದರು.

ಆಜಿಯ ತವರು ಬೆಳಗಾವಿ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸಂಜೆ ನನ್ನನ್ನು ಕರೆದು ಚಹಾ ಕೊಟ್ಟರು.

"ಅದು ಬರೇ ಆಲಿಕೆ ಮೋಡ, ತಂಗಿ. ಎಣ್ಣಿ ಸುರಿಯೂ ಆಲಿಕೆ ಹಂಗ ಮ್ಯಾಲೆ ಜೋತಬಿದ್ದಿರ್ತದ, ನೆಲಾ ಮುಟ್ಟೂದಿಲ್ಲ. ತಿರುಗೂ ಗಾಳಿ ನೆಲಾ ಮುಟ್ಟಿದ್ರ ಅದು ಸುಂಟರಗಾಳಿ."

"ಹೆಂಗ ಗೊತ್ತಾಗ್ತದ್ರಿ?"

"ಸೊಂಡಿಲಾ ನೋಡಬ್ಯಾಡ, ಅದರ ಕೆಳಗಿನ ನೆಲಾ ನೋಡು. ಸೊಂಡಿಲು ಅರ್ಧಕ್ಕ ನಿಂತಂಗ ಕಂಡ್ರೂ, ಕೆಳಗ ಧೂಳ ಸುತ್ತಲಿಕ್ಕತ್ತಿದ್ರ ಗಾಳಿ ಮುಟ್ಟೇದ ಅಂತ ತಿಳಕೋ."

ಧಾರವಾಡದ ನಮ್ಮ ಓಣಿಯಲ್ಲಿ ಬೆಲ್ಲಿಗೆ ಕೆಲಸವೇ ಇರಲಿಲ್ಲ. "ಅಕ್ಕಾರ, ಅದೀರೇನ್ರಿ?" ಎನ್ನುತ್ತಲೇ ಒಳಗೆ ಹೋಗಿರುತ್ತಿದ್ದೆವು. ಇಲ್ಲಿ ಮೆಟ್ಟಿಲಲ್ಲಿ ಎದುರಾದವರೆಲ್ಲ ಆಕಾಶ ನೋಡಿ, ಇವತ್ತು ಗಾಳಿ ಹೇಗಿದೆ ಎಂದು ಕೇಳಿ ನಗುವರು. ನಾಚಿಕೆಯಿಂದ ಕುಗ್ಗಿಹೋದೆ. ಇಲ್ಲಿಯ ರೀತಿನೀತಿ ಹಟ ಹಿಡಿದು ಕಲಿತೆ. ಅವಲಕ್ಕಿ ಒಗ್ಗರಣೆಗೆ ಚಿಟಿಕೆ ಸಕ್ಕರೆ ಹಾಕಿದೆ, ಸೀಟಿಗೆ ಯಾರಿಗೂ ಎಚ್ಚರವಾಗದಿರಲೆಂದು ಮಧ್ಯಾಹ್ನ ಕುಕ್ಕರ್ ಇಡುವುದನ್ನು ಬಿಟ್ಟೆ. ಗಂಡ ಮಾರ್ಕೆಟ್ ಯಾರ್ಡಿನ ಕೆಲಸಕ್ಕೆ ಹೋದಮೇಲೆ ಕನ್ನಡ ಆಡಬೇಕೆಂದರೆ ಆಜಿ ಒಬ್ಬರೇ. ಅವರೊಂದಿಗೂ ನಾಲ್ಕು ಹೊಡೆಯುವವರೆಗೆ ಕಾಯುತ್ತಿದ್ದೆ.

ಈ ಬೇಸಿಗೆಯಲ್ಲಿ ಸೊಂಡಿಲು ಮತ್ತೆ ಇಳಿಯಿತು, ಮತ್ತೆ ನಿದ್ದೆಯ ಹೊತ್ತಿಗೇ. ಅರ್ಧಕ್ಕೇ ನಿಂತಿತ್ತು. ನೆಲ ನೋಡಿದೆ. ಹಿಂದಿನ ಮೈದಾನದಲ್ಲಿ ಧೂಳು, ಒಣ ಎಲೆ, ಪ್ಲಾಸ್ಟಿಕ್ ಚೀಲಗಳು ಗರಗರ ಸುತ್ತುತ್ತಿದ್ದವು. ಆ ಮೈದಾನದ ಕಡೆಯ ಕಿಟಕಿಗೆ ಒತ್ತಿಯೇ ಆಜಿಯ ಮಂಚವಿತ್ತು.

ಓಡಿ ಅವರ ಬಾಗಿಲಿಗೆ ಹೋದೆ. ಬೆರಳು ಬೆಲ್ಲಿನ ಹತ್ತಿರ ಹೋಗಿ ನಿಂತಿತು. ಬೋರ್ಡ್ ಕಂಡಿತು, ಮೆಟ್ಟಿಲಿನ ನಗು ಕೇಳಿಸಿದಂತಾಯಿತು. ಈ ಸಲವೂ ಏನೂ ಆಗದಿದ್ದರೆ? ಬೆಲ್ ಬಿಟ್ಟು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಾಗಿಲು ತಟ್ಟಿದೆ. ಮಲಗಿದವರಿಗೆ ಕೇಳಿಸದಷ್ಟು ಮೆಲ್ಲಗೆ, ಮರ್ಯಾದಸ್ಥರ ಹಾಗೆ. ಇನ್ನೊಮ್ಮೆ ತಟ್ಟುವಷ್ಟರಲ್ಲಿ ಒಳಗಿನಿಂದ ಗಾಜು ಒಡೆದ ಸದ್ದು, ಹಿಂದೆಯೇ ಆಜಿಯ ಚೀರಾಟ. ಮೈದಾನದ ಶೆಡ್ಡಿನ ತಗಡು ಹಾರಿಬಂದು ಕಿಟಕಿಗೆ ಬಡಿದಿತ್ತು.

ಸಂಜೆ ಆಜಿ ಹಣೆಗೂ ತೋಳಿಗೂ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದರು.

"ನೀ ಎದ್ದಿದ್ದಿ, ನೋಡಲಿಲ್ಲೇನ?"

"ನೋಡಿದ್ನಿರಿ. ನೆಲಾನೂ ನೋಡಿದ್ನಿರಿ."

"ಮತ್ತ ಬೆಲ್ ಯಾಕ ಒತ್ತಲಿಲ್ಲ, ತಂಗಿ? ಹೋದ ವರ್ಷ ಊರ ಮಂದಿನ್ನೆಲ್ಲಾ ಎಬ್ಬಿಸಿದ್ದಿ."

"ನಾಲ್ಕಾಗಿರಲಿಲ್ರಿ."

ಆಜಿ ನನ್ನನ್ನೇ ನೋಡಿದರು. ಆಮೇಲೆ ನೋವಿನ ನಡುವೆಯೂ ನಕ್ಕು, ನನ್ನ ಕೈಮೇಲೆ ಕೈಯಿಟ್ಟರು.

"ಪುಣೆದಾಕಿನ ಆಗಿಬಿಟ್ಟಿ ನೋಡು."

ಈ ಊರಿಗೆ ಬಂದಾಗಿನಿಂದ ಯಾರಾದರೂ ಈ ಮಾತು ಹೇಳಲಿ ಎಂದು ಕಾದಿದ್ದೆ. ಹೇಳಿದಾಗ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ.