ಚೌಕಳಿ ಸೀರೆಯ ಫೋಟೊ

ಮೊನ್ನೆ ರೋಣದ ನನ್ನ ಸ್ಟುಡಿಯೊಕ್ಕೆ ಬಂದ ಮದುಮಗಳೊಬ್ಬಳು ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಕೋಣೆಯೆಲ್ಲ ಹರಡಿತು. ನನಗೆ ಗಜೇಂದ್ರಗಡದ ನೇಕಾರ ಕಾಕಾ ನೆನಪಾದರು...

ಅವರು ನನ್ನ ಅಪ್ಪನ ಗೆಳೆಯರು. ಸಣ್ಣ ಚೌಕಳಿಯ ಸೀರೆ ನೇಯುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ತಪ್ಪಿರುವ ಸೀರೆ ಮನೆಯ ಹೊಸ್ತಿಲು ದಾಟಬಾರದು ಎಂಬುದು ಅವರ ನೇಮ. ನೇಯ್ದಷ್ಟನ್ನೂ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರ ಕಣ್ಣು ಮಂಜಾಗತೊಡಗಿತ್ತು. ಕೈ ತಪ್ಪಿದ ದಿನ ಮಗ್ಗ ಬಿಡುತ್ತೇನೆ ಎಂದು ಆಗಾಗ ಅನ್ನುತ್ತಿದ್ದರು, ಆ ದಿನಕ್ಕೆ ಹೆದರಿಕೊಂಡೇ.

ನಾನು ಆಗಷ್ಟೇ ಹೊಸ ಕ್ಯಾಮೆರಾ ಕೊಂಡಿದ್ದೆ. ಬೇರೆ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದೆ ಚಿತ್ರವನ್ನು ಕೊಂಚ ಮೆದು ಮಾಡುವ ತೆಳು ಫಿಲ್ಟರ್ ಒಂದಿರುತ್ತದೆ. ಇದರಲ್ಲಿ ಅದನ್ನು ಬಿಟ್ಟಿದ್ದರು. ಎಳೆ ಎಳೆಯೂ ಬಿಡಿಸಿ ಕಾಣುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಕಂಡದ್ದನ್ನೆಲ್ಲ ಕ್ಲಿಕ್ಕಿಸುತ್ತ ಒಂದು ದಿನ ಕಾಕಾರ ಮಗ್ಗದ ಮುಂದೆ ನಿಂತೆ.

ಫೋಟೊ ತೆಗೆದು ತೋರಿಸಿದರೆ, ಕ್ಯಾಮೆರಾದ ಪರದೆಯಲ್ಲಿ ಸೀರೆಯ ತುಂಬ ಕೆಂಪು, ಹಸಿರು ಅಲೆಗಳು ಕಂಡವು. ಕಾಕಾ ಬಟ್ಟೆ ಸವರಿದರು, ಪರದೆ ನೋಡಿದರು, ಮತ್ತೆ ಸವರಿದರು. ಬೆರಳಿಗೆ ಏನೂ ಸಿಗಲಿಲ್ಲ.

"ನನ್ನ ಕಣ್ಣಿಗೆ ಕಾಣವಲ್ದು, ತಮ್ಮಾ. ಖರೇನ ತಪ್ಪಾಗೇತೇನು?"

"ಈ ಕ್ಯಾಮೆರಾ ಇದ್ದದ್ದನ್ನ ಇದ್ದಾಂಗ ತೋರಸ್ತೈತ್ರಿ, ಕಾಕಾ," ಅಂದೆ. ಎಂಥ ಜಂಬ ನನ್ನದು.

ಮರುದಿನವೇ ಅವರು ಆ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದು, ಚೂರು ಮಾಡಿ ಮನೆಗೆ ಒರಸುಬಟ್ಟೆ ಮಾಡಿಕೊಟ್ಟರಂತೆ.

ತಿಂಗಳೊಳಗೆ ಅಬ್ಬಿಗೇರಿಯ ಮದುವೆಯೊಂದರಲ್ಲಿ ವರನ ಗಿರಣಿ ಬಟ್ಟೆಯ ಅಂಗಿಯ ಮೇಲೂ ಅದೇ ಅಲೆ ಎದ್ದಿತು. ಎರಡು ಹೆಜ್ಜೆ ಹಿಂದೆ ಸರಿದೆ; ಮಾಯವಾಯಿತು. ಆ ಫಿಲ್ಟರ್ ಇಲ್ಲದಿದ್ದರೆ ಸಣ್ಣ ನೇಯ್ಗೆಯ ಮೇಲೆ ಇಲ್ಲದ ಅಲೆ ಹೀಗೆ ಮೂಡುವುದುಂಟು ಎಂದು ಆಮೇಲೆ ತಿಳಿಯಿತು. ನಾಚಿಕೆಯಿಂದ ಇವತ್ತು ನಾಳೆ ಎಂದು ದಿನ ದೂಡಿದೆ. ಕಡೆಗೆ ಹೋದಾಗ ಅವರು ಕಾಲು ಇಳಿಬಿಟ್ಟು ಕೂಡುತ್ತಿದ್ದ ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿತ್ತು. ಅಂಗಿಯ ಚಿತ್ರ ತೋರಿಸಿ, ತಪ್ಪು ಕ್ಯಾಮೆರಾದ್ದು, ನನ್ನದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀ ಹೇಳೂದು ಖರೇ ಇರಬೇಕು. ಆದ್ರ ನನ್ನ ಕೈ ಮ್ಯಾಲ ನನಗ ಭರೋಸಾ ಹೋಗಿಬಿಟ್ಟೇತಿ."

ಮತ್ತೆ ಅವರು ಮಗ್ಗಕ್ಕೆ ಕೂಡಲಿಲ್ಲ. ಹೋದ ವರ್ಷ ತೀರಿಕೊಂಡರು...

ಈ ವಾರ ಅವರ ಮಗಳು ಫೋನ್ ಮಾಡಿದ್ದಳು. ಅಪ್ಪ ನೇಯ್ದದ್ದೆಲ್ಲ ಮಾರಿಹೋಗಿದೆ, ಮನೆಯಲ್ಲಿ ಒಂದು ಸೀರೆಯೂ ಉಳಿದಿಲ್ಲ, ನಿಮ್ಮಲ್ಲಿ ಫೋಟೊ ಇದ್ದರೆ ಕೊಡಿ, ಗೋಡೆಗೆ ಹಾಕುತ್ತೇವೆ ಎಂದಳು. ಇದೆ, ಒಂದೇ ಒಂದು. ಅದರ ತುಂಬ ಕಾಕಾ ಎಂದೂ ಮಾಡದ ತಪ್ಪು.