ಡಬ್ಬದಲ್ಲಿಲ್ಲದ ಚೀಟಿ

ಮೂವತ್ತು ವರ್ಷ ನಾನು ಬೈಬಲನ್ನು ಕತ್ತರಿ ಹಿಡಿದುಕೊಂಡೇ ಓದಿದ್ದೇನೆ. ಹೀಗೆಂದರೆ ನಮ್ಮ ಚರ್ಚಿನ ಸಭೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆಂದು ಗೊತ್ತು. ಆದರೆ ಆ ಕತ್ತರಿ ಕೊಡಿಸಿದವರು ಅವರೇ. ಅರವತ್ತೇಳು ದಾಟಿದ ಮೇಲೆ ಇಂಥದ್ದನ್ನು ಹೇಳಿಕೊಳ್ಳಲು ನಾಚಿಕೆ ಅಷ್ಟಾಗಿ ಇರುವುದಿಲ್ಲ, ಸುಸ್ತು ಇರುತ್ತದೆ. ಸುಸ್ತಾದವನಿಗೆ ಸುಳ್ಳು ಹೇಳುವುದೂ ಒಂದು ದಂಡದ ಕೆಲಸ.

ವಿಷಯ ಇಷ್ಟೆ. ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಬಿಸ್ಕತ್ತಿನ ಡಬ್ಬದೊಳಗೆ ಕೈ ಹಾಕಿ ವಾಗ್ದಾನದ ಚೀಟಿ ತೆಗೆಯುತ್ತಾರೆ. ಅದರಲ್ಲಿ ಬೈಬಲಿನ ಒಂದು ವಾಕ್ಯವಿರುತ್ತದೆ. ಆ ವರ್ಷಕ್ಕೆ ದೇವರು ನಿಮಗೆಂದೇ ಕೊಟ್ಟ ಮಾತು ಅದು ಎಂದು ನಂಬಿಕೆ. ಕೆಲವರು ಅದನ್ನು ಕನ್ನಡಿಯ ಮೂಲೆಗೆ ಸಿಕ್ಕಿಸುತ್ತಾರೆ, ಕೆಲವರು ಫೋನಿನ ಕವರಿನ ಹಿಂದೆ ಇಟ್ಟುಕೊಳ್ಳುತ್ತಾರೆ. ತಮಿಳಿನ ಚೀಟಿಗಳು ಹೂವು, ಸೂರ್ಯೋದಯದ ಚಿತ್ರಗಳೊಂದಿಗೆ ಅಚ್ಚಾಗಿ ಕಟ್ಟುಕಟ್ಟಾಗಿ ಬರುತ್ತವೆ. ಕನ್ನಡದ ಆರಾಧನೆಗೆ ಬರುವ ನಾವು ನೂರು ಚಿಲ್ಲರೆ ಜನ, ನಮಗಾಗಿ ಬೆಂಗಳೂರಿಗೆ ಹೋಗಿ ತರುವವರು ಯಾರು? ಕೈಬರಹ ದುಂಡಗಿದೆ, ಬೇಡ ಎನ್ನಲು ಬಾರದು ಎಂಬ ಎರಡು ಅರ್ಹತೆಗಳ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಪಟ್ಟಿಯಿಲ್ಲದೆ ಸೊಪ್ಪು ತರಲಿಕ್ಕೂ ಹೋಗಲಾರೆ. ಪ್ರತಿ ಡಿಸೆಂಬರಿನಲ್ಲಿ ನೋಟ್‌ಬುಕ್ ತೆರೆದು, ಕ್ರಮಸಂಖ್ಯೆ ಹಾಕಿ, ಇಡೀ ಬೈಬಲನ್ನು ಜಾಲಾಡುತ್ತಿದ್ದೆ. ಶಾಪವಿದ್ದರೆ ಬೇಡ. ಯುದ್ಧ, ಕುಷ್ಠ, ಬೂದಿ, ಗೋಳು, ಇವೂ ಬೇಡ. ನೀನು ಹೀಗೆ ಹೀಗೆ ನಡೆದುಕೊಂಡರೆ ಎಂಬ ಷರತ್ತು ಮುಂದಿದ್ದರೆ ಷರತ್ತನ್ನು ಬಿಟ್ಟು ಫಲವನ್ನಷ್ಟೇ ಬರೆದುಕೊಳ್ಳುತ್ತಿದ್ದೆ. ಆಮೇಲೆ ದಪ್ಪ ಕಾಗದದ ಮೇಲೆ ದುಂಡಗೆ ನಕಲು ಮಾಡಿ ಕತ್ತರಿಸುವುದು. ಊಟಕ್ಕೆ ಕರೆದು ಸಾಕಾಗಿ ನನ್ನ ಹೆಂಡತಿ ಸುಶೀಲ ಬಾಗಿಲಲ್ಲಿ ನಿಂತು, "ದೇವರ ಉತ್ತರಪತ್ರಿಕೆ ತಿದ್ದಿದ್ದು ಮುಗೀತಾ? ಎಷ್ಟಕ್ಕೆ ಪಾಸ್ ಮಾಡಿದ್ರಿ?" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅದು ತಮಾಷೆಯಲ್ಲ ಎಂದು ಆಗ ಹೊಳೆಯಲಿಲ್ಲ.

ಹಾಗೆಂದು ಮೊದಲಿನಿಂದಲೂ ನಾನು ಹೀಗೆ ಆರಿಸಿ ಓದುವವನಾಗಿರಲಿಲ್ಲ. ನನ್ನ ಅಪ್ಪ ಅಂಚೆಟ್ಟಿಯಲ್ಲಿ ಉಪದೇಶಿಯಾಗಿದ್ದರು. ಚರ್ಚೇ ಇಲ್ಲದ ಕಾಡಿನ ಹಳ್ಳಿಗಳಿಗೆ ನಡೆದುಕೊಂಡು ಹೋಗಿ ಬೈಬಲ್ ಓದಿ ಹೇಳುವ ಕೆಲಸ. ನಾಟ್ರಾಂಪಾಳ್ಯಕ್ಕೆ ಅವರ ಜೊತೆ ನಾನೂ ಹೋಗುತ್ತಿದ್ದೆ. ಆಗ ನನಗೆ ಬೈಬಲ್ ಎಂದರೆ ಪ್ರಾಣಿಗಳ ಪುಸ್ತಕ. ಸಿಂಹ ಇತ್ತು, ದೊಡ್ಡ ಮೀನಿತ್ತು, ಮಾತಾಡುವ ಕತ್ತೆಯೂ ಇತ್ತು. ನಮ್ಮ ಸುತ್ತ ದಂಡಿಯಾಗಿದ್ದ ಆನೆ ಮಾತ್ರ ಎಲ್ಲೂ ಸಿಗಲಿಲ್ಲ. ಅಪ್ಪನಿಗೆ ದೂರು ಕೊಟ್ಟೆ. "ನೋಹನ ನಾವೆ ಒಳಗೆ ಇದ್ದಿರ್ತದೆ ಕಣ್ಲಾ, ಸುಮ್ನೆ ನಡಿ" ಎಂದರು. ಆ ಉತ್ತರ ನನಗೆ ಸಾಕಾಗಿತ್ತು. ಈಗ ನೆನೆದರೆ, ಅಷ್ಟು ನಿಶ್ಚಿಂತೆಯಿಂದ ನಾನು ಮತ್ತೆಂದೂ ಬೈಬಲ್ ಓದಿಲ್ಲ.

ಕಾಲೇಜಿಗೆ ಹೋದ ಮೇಲೆ ಅದು ವಾದದ ಪುಸ್ತಕವಾಯಿತು. ಯಾರು ಏನೇ ಕೇಳಲಿ, ಅಧ್ಯಾಯ, ವಚನದ ಸಂಖ್ಯೆ ಸಮೇತ ಬಾಯಿ ಮುಚ್ಚಿಸುತ್ತಿದ್ದೆ. ಗೆದ್ದವನು ನಾನೇ, ಆದರೆ ನನ್ನ ಜೊತೆ ಕಾಫಿಗೆ ಬರುವವರು ಕಡಿಮೆಯಾದರು. ಮದುವೆ, ಮಕ್ಕಳು, ಸಕ್ಕರೆ ಕಾಯಿಲೆ ಬಂದ ಮೇಲೆ ಅದು ಔಷಧದ ಪೆಟ್ಟಿಗೆಯಾಯಿತು. ಭಯಕ್ಕೆ ಒಂದು ವಾಕ್ಯ, ನಿದ್ದೆ ಬಾರದಿದ್ದರೆ ಇನ್ನೊಂದು. ಹೀಗೆ ಬೇಕಾದಾಗ ಬೇಕಾದ್ದನ್ನು ತೆಗೆದುಕೊಳ್ಳುವುದನ್ನೇ ನಾನು ವಿಶ್ವಾಸ ಬಲಿಯುವುದು ಎಂದುಕೊಂಡಿದ್ದೆ. ಲೆಕ್ಕ ಮಾಡದೆ ಪುಸ್ತಕದ ಹಿಂದಿನ ಪುಟದಿಂದ ಉತ್ತರ ಎತ್ತಿ ಬರೆಯುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ಒಂದಿಡೀ ಸಭೆಗೆ ಅದೇ ಅಭ್ಯಾಸ ಮಾಡಿಸುತ್ತಿದ್ದೇನೆಂದು ನನ್ನ ತಲೆಗೆ ಹೋಗಲಿಲ್ಲ. ತಲೆಗೆ ಹೋಗುವಂತೆ ಮಾಡಿದವರು ಎಸ್ತರಮ್ಮ.

ಎಸ್ತರಮ್ಮ ಡೆಂಕಣಿಕೋಟೆ ರಸ್ತೆಯ ಒಂದು ಗುಲಾಬಿ ತೋಟದಲ್ಲಿ ಹೂ ಕೊಯ್ಯುವ ಕೆಲಸದವರು. ಗಂಡ ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮನೆಗೆ ಬರುವವರು. ಒಬ್ಬಳೇ ಮಗಳು ಗ್ರೇಸಿ, ಇಪ್ಪತ್ತೆರಡು ವರ್ಷ, ಫ್ಯಾಕ್ಟರಿ ಬಸ್ಸಿನಲ್ಲಿ ಶಿಫ್ಟಿಗೆ ಹೋಗುತ್ತಿದ್ದಳು. ಎಸ್ತರಮ್ಮನಿಗೆ ಓದು ಬಾರದು. ಮಗಳು ದಿನಾ ಒಂದೊಂದು ಅಧ್ಯಾಯ ಓದಿ ಹೇಳುತ್ತಿದ್ದಳಂತೆ. ಹೋದ ವರ್ಷದ ಚೀಟಿಯನ್ನೂ ಅವಳೇ ಅಮ್ಮನಿಗೆ ಓದಿ ಹೇಳಿದ್ದಳು. ನಿನ್ನ ಮನೆಯ ಹತ್ತಿರಕ್ಕೆ ಯಾವ ಕೇಡೂ ಸುಳಿಯದು ಎಂಬರ್ಥದ ವಾಕ್ಯ. ನನ್ನ ಪಟ್ಟಿಯಲ್ಲಿ ಅದು ಪ್ರತಿ ವರ್ಷವೂ ಇರುತ್ತಿತ್ತು, ಅಷ್ಟು ಒಳ್ಳೆಯ ವಾಕ್ಯ. ಮಳೆಗಾಲದಲ್ಲಿ ಗ್ರೇಸಿಗೆ ಡೆಂಗಿ ಜ್ವರ ಬಂತು. ಆರನೆಯ ದಿನ ತೀರಿಕೊಂಡಳು.

ಸಮಾಧಿಯ ಹತ್ತಿರ ನಾನೂ ನಿಂತಿದ್ದೆ, ಎರಡು ವಾಕ್ಯ ಹೇಳಿ ಬಂದಿದ್ದೆ. ಒಂದು ತಿಂಗಳಾದ ಮೇಲೆ ಎಸ್ತರಮ್ಮ ನಮ್ಮ ಮನೆಗೆ ಬಂದರು. ಮುಳ್ಳು ಗೀರಿದ ಬೆರಳುಗಳಲ್ಲಿ ಆ ಚೀಟಿ ಹಿಡಿದಿದ್ದರು. ಜಗಳಕ್ಕೆ ಬಂದಿದ್ದಾರೆಂದು ನಾನು ಒಳಗೊಳಗೇ ಸಿದ್ಧನಾದೆ. ಜಗಳವೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಾರ್, ಕೋಪ ಮಾಡ್ಕಬ್ಯಾಡಿ. ಚೀಟಿ ಎತ್ತುವಾಗ ನಂಗೆ ಎರಡು ಅಂಟ್ಕಂಡು ಬಂದ್ವು. ಆಸೆ ಬೀಳ್ಬಾರ್ದು ಅಂತ ಒಂದನ್ನ ವಾಪಸ್ ಡಬ್ಬಕ್ಕೇ ಹಾಕ್ಬುಟ್ಟೆ. ನಂದು ಅದೇ ಇರ್ಬೇಕು. ಇದು ಇನ್ಯಾರದೋ. ಅದ್ರಾಗೆ ಏನು ಬರ್ದಿತ್ತು ಅಂತ ನಿಮ್ಮ ಬುಕ್ಕಲ್ಲಿ ಇರ್ತದಲ್ವಾ?"

ಅವರೇ ಮುಂದುವರಿಸಿದರು.

"ಮಗೀನ ಜೋಪಾನ ಅಂತ ಬರ್ದಿತ್ತೇನೋ. ನಾನು ತಿರುಗಿ ನೋಡ್ದೆ ಹಾಕ್ಬುಟ್ಟೆ. ಓದಿಸಿದ್ರೆ, ಮೈ ಬಿಸಿ ಅಂದ ದಿನಾನೇ ಆಸ್ಪತ್ರೆಗೆ ಎತ್ಕಂಡು ಹೋಗ್ತಿದ್ನಲ್ಲ ಸಾರ್."

ಒಂದು ತಿಂಗಳು ಈ ತಾಯಿ ಇದನ್ನು ಹೊತ್ತುಕೊಂಡು ಗುಲಾಬಿ ಕೊಯ್ದಿದ್ದಾರೆ. ದೇವರು ಎಚ್ಚರಿಸಿದ್ದ, ತಾನೇ ಆ ಎಚ್ಚರಿಕೆಯನ್ನು ಡಬ್ಬಕ್ಕೆ ಹಾಕಿಬಿಟ್ಟೆ ಎಂದು. ಸಮಾಧಾನದ ಮಾತು ನನ್ನ ಹತ್ತಿರ ಬೇಕಾದಷ್ಟಿತ್ತು. ನೋಟ್‌ಬುಕ್ ತೆಗೆದು ಯಾವುದಾದರೊಂದು ವಾಕ್ಯಕ್ಕೆ ಬೆರಳಿಟ್ಟು, ನಿಮ್ಮದು ಇದೇ ಎಂದಿದ್ದರೆ ಅವರು ನಂಬುತ್ತಿದ್ದರು. ಕೈ ಅತ್ತ ಹೋಗಿಯೂ ಇತ್ತು. ಆದರೆ ನೋಟ್‌ಬುಕ್ ತೆರೆದು ನೋಡಿದರೆ, ಒಂದರಿಂದ ನೂರಿಪ್ಪತ್ತರವರೆಗೆ ಎಲ್ಲವೂ ಒಂದೇ ರುಚಿ. ಮಗಳನ್ನು ಮಣ್ಣು ಮಾಡಿದ ಹೆಂಗಸಿಗೆ ಕೊಡಬಹುದಾದ ಒಂದು ಸಾಲೂ ಅದರಲ್ಲಿರಲಿಲ್ಲ. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ, ಸುಶೀಲಳ ಮುಂದೆಯೂ.

"ಎಸ್ತರಮ್ಮ, ನೀವು ಹೇಳೋ ಅಂಥ ಚೀಟಿ ಡಬ್ಬದಲ್ಲಿ ಇರಲೇ ಇಲ್ಲ. ನಾನು ಬರೀಲಿಲ್ಲ. ಯಾವುದು ತೆಗೆದಿದ್ರೂ ನಿಮಗೆ ಇಂಥದ್ದೇ ಬರ್ತಿತ್ತು. ತಪ್ಪು ನಿಮ್ಮದಲ್ಲ. ಒಳ್ಳೇದನ್ನಷ್ಟೇ ಆರಿಸಿ ಹಾಕಿದವನು ನಾನು."

ಅವರು ಕೈಯಲ್ಲಿದ್ದ ಚೀಟಿಯನ್ನು ಮಡಿಚಿದರು. "ಸತ್ತೋರ ಮನೇವ್ರಿಗೆ ಅಂತ ಒಂದೂ ಇರ್ಲಿಲ್ವಾ?"

ಇರಲಿಲ್ಲ. ಆದರೆ ಬೈಬಲಿನಲ್ಲಿತ್ತು. ಮೂವತ್ತು ಡಿಸೆಂಬರುಗಳಲ್ಲೂ ನಾನು ಹಾರಿಸಿಕೊಂಡು ಹೋಗಿದ್ದ ಎಂಬತ್ತೆಂಟನೆಯ ಕೀರ್ತನೆಯನ್ನು ತೆಗೆದು ಓದಿದೆ. ಬೇರೆ ಕೀರ್ತನೆಗಳಲ್ಲಿ ಅತ್ತವನು ಕೊನೆಗೆ ಕಣ್ಣೊರೆಸಿಕೊಂಡು ಸ್ತೋತ್ರ ಹೇಳುವುದುಂಟು. ಇದರಲ್ಲಿ ಅದೂ ಇಲ್ಲ. ಒಬ್ಬ ಮನುಷ್ಯ ದೇವರನ್ನು ಕೂಗುತ್ತಾನೆ, ಯಾಕೆ ಮುಖ ಮರೆಸಿಕೊಂಡೆ ಎಂದು ಕೇಳುತ್ತಾನೆ, ಉತ್ತರ ಬರುವುದಿಲ್ಲ. ಕೊನೆಯ ಮಾತೂ ಕತ್ತಲೆಯದೇ.

"ಇದೂ ಅದ್ರಾಗೇ ಐತಾ ಸಾರ್?"

"ಇದೆ."

"ಐತಲ್ಲ. ಮತ್ತೆ ಯಾಕೆ ಬರೀಲಿಲ್ಲ ನೀವು?"

ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸುಶೀಲ ಬಂದು ಅವರ ಪಕ್ಕದಲ್ಲಿ ಕೂತಳು. ಸಮಾಧಿಯ ಹತ್ತಿರ ನಾನು ಹೇಳಿದ್ದ ಎರಡು ಒಳ್ಳೆಯ ವಾಕ್ಯಗಳಿಗೆ ಅವರ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ.

ಆಮೇಲೆ ಅದನ್ನೇ ಯೋಚಿಸುತ್ತಿದ್ದೆ. ಆ ಕೂಗನ್ನು ಬರೆದವನಿಗೆ ಸಂಕೋಚವಿರಲಿಲ್ಲ. ಅದನ್ನು ಪುಸ್ತಕಕ್ಕೆ ಸೇರಿಸಿದವರೂ, ಇದರಿಂದ ದೇವರಿಗೆ ಕೆಟ್ಟ ಹೆಸರು ಬಂದೀತೆಂದು ಕಿತ್ತು ಹಾಕಲಿಲ್ಲ. ಕಿತ್ತವನು ಹೊಸೂರಿನ ಒಬ್ಬ ಗಣಿತ ಮೇಷ್ಟ್ರು. ದೇವರ ಮರ್ಯಾದೆ ಕಾಯುವ ಕೆಲಸವನ್ನು ಯಾರೂ ಕೊಡದಿದ್ದರೂ ತಲೆಯ ಮೇಲೆ ಹಾಕಿಕೊಂಡು ಇಷ್ಟು ವರ್ಷ ದುಡಿದಿದ್ದೆ. ಶಾಲೆಯಿಂದ ನಿವೃತ್ತನಾದಾಗ ಶಾಲು ಹೊದಿಸಿ ಕಳಿಸಿದರು. ಈ ಕೆಲಸದಿಂದ ನಿವೃತ್ತನಾದದ್ದು ಯಾರಿಗೂ ಗೊತ್ತಾಗಲಿಲ್ಲ. ನನ್ನ ನಂಬಿಕೆ ಇದರಿಂದ ಹೆಚ್ಚಾಯಿತೆಂದು ಹೇಳಲಾರೆ, ಹೋಯಿತೆಂದೂ ಹೇಳಲಾರೆ. ಮೊದಲಿನಷ್ಟು ಮಾತಾಡುವುದಿಲ್ಲ, ಅಷ್ಟೆ.

ಡಿಸೆಂಬರ್ ಬಂತು. ಈ ಸಲ ಆ ಕೀರ್ತನೆಯಿಂದಲೂ ಒಂದು ಚೀಟಿ ಇರಲಿ ಎಂದು ನಮ್ಮ ಪಾಸ್ಟರರಿಗೆ ಹೇಳಿದೆ. ಚಿಕ್ಕ ವಯಸ್ಸಿನವರು, ಒಳ್ಳೆಯವರು. "ಹೊಸ ವರ್ಷದ ದಿನ, ಹೊಸದಾಗಿ ಮದುವೆಯಾದ ಹುಡುಗಿ ಕೈಗೆ ಅದು ಬಂದ್ರೆ ಏನು ಮಾಡೋದು ಸಾರ್?" ಎಂದರು. ಅವರ ಮಾತೂ ಸುಳ್ಳಲ್ಲ. ವಾದ ಮಾಡುವ ವಯಸ್ಸು ನನ್ನದಲ್ಲ. ಹಳೆಯ ಪಟ್ಟಿಯನ್ನೇ ನಕಲು ಮಾಡಿ, ಪ್ರತಿ ಚೀಟಿಯ ಹಿಂದೆ "ಇಡೀ ಅಧ್ಯಾಯ ಓದಿ" ಎಂದು ಸಣ್ಣಗೆ ಬರೆದೆ. ಯಾರೂ ಓದಲಿಲ್ಲವೆಂದು ಖಚಿತವಾಗಿ ಹೇಳಬಲ್ಲೆ.

ಹೊಸ ವರ್ಷದ ಬೆಳಿಗ್ಗೆ ಎಸ್ತರಮ್ಮ ಚೀಟಿಯ ಸಾಲಿನಲ್ಲಿ ನಿಲ್ಲಲೇ ಇಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ನಂಗೆ ಚೀಟಿ ಬ್ಯಾಡ ಸಾರ್. ಓದೋಳು ಹೋಗ್ಬುಟ್ಳು. ಗುರುವಾರ ಕೆಲ್ಸ ಬೇಗ ಮುಗೀತದೆ, ಮನೆಗೇ ಬತ್ತೀನಿ. ಮೊದ್ಲಿಂದ ಓದಿ. ಒಂದನ್ನೂ ಬಿಡ್ಬ್ಯಾಡಿ" ಎಂದರು. ಬೇಡ ಎನ್ನಲು ನನಗೆ ಬಾರದು ಎಂದು ಆಗಲೇ ಹೇಳಿದ್ದೇನೆ.

ಮೊದಲ ಗುರುವಾರ ಸೃಷ್ಟಿ, ಎರಡನೆಯ ಗುರುವಾರ ಕಾಯಿನ, ಹೇಬೆಲರ ಕತೆ. ಅಣ್ಣನೇ ತಮ್ಮನನ್ನು ಕೊಂದದ್ದನ್ನು ಕೇಳಿ ಅವರು, "ಹೆತ್ತೋಳಿಗೆ ಯಾರು ಹೋಗಿ ಹೇಳಿದ್ರು?" ಎಂದರು. ಪುಸ್ತಕದಲ್ಲಿ ಅದಿಲ್ಲ ಎಂದೆ. ಮೂರನೆಯ ಗುರುವಾರ ಐದನೆಯ ಅಧ್ಯಾಯ ಬಂತು. ಬರೀ ವಂಶಾವಳಿ. ಇಂಥವನು ಇಷ್ಟು ವರ್ಷ ಬದುಕಿದ, ಗಂಡು ಹೆಣ್ಣು ಮಕ್ಕಳನ್ನು ಪಡೆದ, ಸತ್ತ. ಹೆಚ್ಚಿನವರಿಗೆ ಎಂಟುನೂರು, ಒಂಬೈನೂರು ವರ್ಷ. ಸಂಡೇ ಸ್ಕೂಲಿನಲ್ಲಿ ಈ ವಯಸ್ಸುಗಳನ್ನು ಕೂಡಿಸಿ ಕಳೆಯುವ ಲೆಕ್ಕ ಕೊಟ್ಟು ಮಕ್ಕಳನ್ನು ಗೋಳು ಹುಯ್ದುಕೊಂಡವನು ನಾನು. ಇಪ್ಪತ್ತೆರಡು ವರ್ಷದ ಮಗಳನ್ನು ಕಳೆದುಕೊಂಡವರ ಮುಂದೆ ಅದನ್ನು ಹೇಗೆ ಓದಲಿ? "ಇವೆಲ್ಲಾ ಬರೀ ಹೆಸರುಗಳು ಎಸ್ತರಮ್ಮ, ಬಿಟ್ಟು ಮುಂದಕ್ಕೆ ಹೋಗೋಣ" ಎಂದೆ.

"ಓದಿ ಸಾರ್. ಹೆಸ್ರು ಅಂದ್ಮೇಲೆ ಇಟ್ಟೋರು ಇರ್ತಾರಲ್ಲ."

ಓದಿದೆ. ಮೆತೂಷೆಲಹನ ಹತ್ತಿರ ಬಂದಾಗ ಸಂಖ್ಯೆಯನ್ನು ನುಂಗಿಕೊಂಡು ಹೇಳಿದೆ. ಅವರು ಬಿಡಲಿಲ್ಲ.

"ಎಷ್ಟಂದ್ರಿ?"

"ಒಂಬೈನೂರ ಅರವತ್ತೊಂಬತ್ತು ವರ್ಷ."

ಅವರು ಬೆರಳಿನ ಮುಳ್ಳು ಗೀರನ್ನು ಸವರಿಕೊಂಡರು. ಆಮೇಲೆ, "ಅಷ್ಟು ವರ್ಸ ಇದ್ದು ಸತ್ರೂ, ಅವ್ರವ್ವಂಗೆ ಸಾಲ್ದೇ ಬಂದಿರ್ತದೆ" ಎಂದರು.

ನಾನು ಕನ್ನಡಕ ತೆಗೆದು ಒರೆಸುತ್ತಾ ಕೂತೆ. ಅವರು ಆತುರಪಡಿಸದೆ ಕಾದರು. ಒರೆಸುವುದು ಮುಗಿಯಿತೆಂದು ಕಂಡ ಮೇಲೆ ಮೆಲ್ಲಗೆ ಕೇಳಿದರು:

"ಮುಂದ್ಕೆ ಯಾರು ಸಾರ್?"